ಶುಕ್ರವಾರ ಕೂಗುವ ಗಾಡಿ

ನಮ್ಮ ಮನೆಗೆ ಬಂದಾಗಿನಿಂದ ಆ ಗಾಡಿಗೆ ಶುಕ್ರವಾರ ಕಂಡರೆ ಆಗುತ್ತಿರಲಿಲ್ಲ. ಸೋಮವಾರದಿಂದ ಗುರುವಾರದವರೆಗೆ ಬಂಗಾರದಂಥ ಗಾಡಿ. ಶುಕ್ರವಾರ ಬೆಳಿಗ್ಗೆ ಶೆಡ್ಡಿನಿಂದ ಹೊರಗೆ ತೆಗೆಯಲು ಹೋದರೆ ಸಾಕು, ಕುಯ್ಯೋ ಎಂದು ಒಂದೇ ಸಮನೆ ಕೂಗಲು ಶುರುಮಾಡುತ್ತಿತ್ತು. ಒಳಗಿನ ಪರದೆಯ ಮೇಲೆ ಗಾಡಿಯ ಚಿತ್ರ ಮೂಡಿ, ಅದರ ಹಿಂದೆ ಮುಂದೆ ಕೆಂಪು ಗೆರೆಗಳು ಬರುತ್ತಿದ್ದವು. ಯಾರೋ ಬಂಪರಿಗೆ ಮೈ ತಾಗಿಸಿಕೊಂಡು ನಿಂತಿದ್ದಾರೆ, ಒಂದಿಂಚು ಅಲ್ಲಾಡಿದರೂ ಅವರ ಕಥೆ ಮುಗಿಯಿತು ಎಂದು ಅದರ ಅರ್ಥ. ಇಳಿದು ನೋಡಿದರೆ ಒಂದು ಕೋಳಿಯೂ ಇರುತ್ತಿರಲಿಲ್ಲ.

ನಾನು ನಾಗಭೂಷಣ, ರಾಜಾನುಕುಂಟೆಯವನೇ. ನಮ್ಮಪ್ಪ ಲಕ್ಕಣ್ಣ ದ್ರಾಕ್ಷಿ ಬೆಳೆಯುತ್ತಿದ್ದರು. ಪಂಪ್‌ಸೆಟ್ ಕೆಟ್ಟರೆ ಚಪ್ಪರದ ಕೆಳಗೇ ಬಿಚ್ಚಿ ಹರಡಿಕೊಂಡು, ಸಂಜೆಯೊಳಗೆ ನೀರು ಎತ್ತಿಸುತ್ತಿದ್ದರು. ನನ್ನ ಕಾಲಕ್ಕೆ ಚಪ್ಪರ ಹೋಗಿ ಲೇಔಟ್ ಆಯಿತು, ನಾನು ಬಾಡಿಗೆ ಮನೆಗಳ ಓನರ್ ಆದೆ. ನನ್ನ ಕೈಯಿಂದ ಆದ ದೊಡ್ಡ ರಿಪೇರಿ ಎಂದರೆ ಬಾಡಿಗೆಯವರ ಸಿಲಿಂಡರಿಗೆ ರೆಗ್ಯುಲೇಟರ್ ಸಿಕ್ಕಿಸಿಕೊಟ್ಟಿದ್ದು. "ನಿನ್ ಕೈ ನೋಡು, ಮದ್ಲಗಿತ್ತಿ ಕೈ ಇದ್ದಂಗೈತೆ" ಎಂದು ನಮ್ಮಮ್ಮ ಮುನಿವೆಂಕಟಮ್ಮ ಆಗಾಗ ಅನ್ನುತ್ತಿದ್ದಳು. ತಮಾಷೆಗೇ ಅನ್ನುತ್ತಿದ್ದಳು. ನನಗೆ ಮಾತ್ರ ಚುಚ್ಚುತ್ತಿತ್ತು.

ಗಾಡಿ ಜರ್ಮನಿಯದು, ಸೆಕೆಂಡ್ ಹ್ಯಾಂಡ್, ಕಪ್ಪು ಬಣ್ಣ. ನೋಡಲು ಮಕ್ಕಳನ್ನು ಸ್ಕೂಲಿಗೆ ಬಿಡುವ ಸಂಭಾವಿತ ಎಸ್‌ಯುವಿ. ಒಳಗೆ ಟರ್ಬೊ ಎಂಜಿನ್, ಮುನ್ನೂರೈವತ್ತು ಕುದುರೆಗಳ ಶಕ್ತಿ. ಸ್ಪೋರ್ಟ್ ಎಂಬ ಗುಂಡಿ ಒತ್ತಿ ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಅಂಟುತ್ತದೆ, ಸೈಲೆನ್ಸರಿನಿಂದ ಪಟಪಟ ಎಂದು ದೀಪಾವಳಿ ಕೇಳಿಸುತ್ತದೆ. ಆರ್.ಟಿ. ನಗರದ ಸಾಹುಕಾರರೊಬ್ಬರು ಮಾರುತ್ತಿದ್ದರು. ಒಂದು ರೌಂಡ್ ಹೋಗಿ ಬರುವಷ್ಟರಲ್ಲಿ ನಾನು ಮಾರುಹೋಗಿದ್ದೆ.

ಆನೆ ಕೊಂಡವನು ಅಂಕುಶಕ್ಕೆ ಅಳಬಾರದು ಅನ್ನುತ್ತಾರೆ. ಮೊದಲನೆಯ ಸರ್ವಿಸಿಗೆ ಎಷ್ಟಾಗುತ್ತದೆ ಎಂದು ಕೇಳಿದ ದಿನ ನಾನು ಅತ್ತೇಬಿಟ್ಟೆ. ಆಮೇಲೆ ಹಟ ಬಂತು. ಲಕ್ಕಣ್ಣನ ಮಗ ನಾನು, ಈ ಗಾಡಿಯನ್ನು ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಜಾಕ್ ಬಂತು, ಸ್ಪ್ಯಾನರ್ ಸೆಟ್ ಬಂತು, ಹಣೆಗೆ ಕಟ್ಟಿಕೊಳ್ಳುವ ಟಾರ್ಚ್ ಬಂತು. ಫೋನಿನಲ್ಲಿ ಯಾರೋ ರಷ್ಯಾದವನು ರಷ್ಯನ್ ಭಾಷೆಯಲ್ಲೇ ನನಗೆ ಗುರುವಾದ.

ಮೊದಲನೆಯ ಕೆಲಸ ಎಂಜಿನ್ ಆಯಿಲ್ ಬದಲಾಯಿಸುವುದು. ಹಳೇ ಆಯಿಲ್ ಹಿಡಿಯಲು ಅಗಲವಾದ ಪಾತ್ರೆ ಬೇಕಿತ್ತು. ಊರಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುವ, ನೂರು ಜನಕ್ಕೆ ಸಾರು ಕಾಯಿಸುವ ಅಮ್ಮನ ದಬರಿ ಕಣ್ಣಿಗೆ ಬಿತ್ತು. ಗಾಡಿಯ ಕೆಳಗೆ ನುಸುಳಿ ಬೋಲ್ಟ್ ಬಿಚ್ಚಿದೆ. ಆಯಿಲ್ ನೆಟ್ಟಗೆ ಕೆಳಗೆ ಬೀಳುತ್ತದೆ ಎಂದುಕೊಂಡಿದ್ದೆ, ಅದು ಅಡ್ಡಡ್ಡ ಚಿಮ್ಮಿತು. ದಬರಿಗೆ ಅರ್ಧ, ನನ್ನ ಬನಿಯನ್ನಿಗೆ ಅರ್ಧ. ಆ ಹೊತ್ತಿಗೆ ಭಾವಮೈದ ಫೋನ್ ಮಾಡಿದ. ನನ್ನ ಹೆಂಡತಿ ಕಲಾವತಿ ಫೋನ್ ಎತ್ತಿಕೊಂಡು, "ಎಣ್ಣೇಲಿ ಮುಳುಗೋಗಿದಾರೆ ಕಣೋ, ಎದ್ದೇಳೋ ಸ್ಥಿತೀಲಿಲ್ಲ" ಎಂದಳು. ನಾನು ಬೆಳಗ್ಗೆ ಬೆಳಗ್ಗೆಯೇ ಕುಡಿಯಲು ಶುರುಮಾಡಿದ್ದೇನೆ ಎಂದು ಅವನು ಊರಿಗೆಲ್ಲ ಸಾರಿದ. ಅಮ್ಮ ದಬರಿ ನೋಡಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಅದನ್ನೂ ಹೇಗೋ ದಾಟಿದೆ. ದಾಟಲಾಗದಿದ್ದದ್ದು ಶುಕ್ರವಾರ.

ಏನಾಗಿತ್ತೆಂದರೆ, ಗಾಡಿ ಮನೆಗೆ ಬಂದದ್ದೂ ಒಂದು ಶುಕ್ರವಾರ ಸಂಜೆಯೇ. ಅಮ್ಮ ಬಾಗಿಲಿಗೆ ದೀಪ ಇಡುವ ಹೊತ್ತಿಗೆ ಸರಿಯಾಗಿ ನಾನು ಹಾರ್ನ್ ಹೊಡೆದೆ. ಅವಳು ಆರತಿ ಎತ್ತಿ, ನಿಂಬೆಹಣ್ಣು ತುಳಿಸಿ, ಎಲ್ಲ ಮುಗಿದ ಮೇಲೆ ಕೇಳಿದಳು: "ಇದ್ನ ಮಾರ್ದೋರು ಇವತ್ತೇ ಕೊಟ್ರಾ?"

"ಹೂಂ, ಈಗ್ತಾನೆ ಕೀ ಕೈಗೆ ಬಂತು."

"ಸುಕ್ರಾರ ಸಂಜೆ ದೀಪ ಅಚ್ಚೋ ಒತ್ನಲ್ಲಿ ಯಾರಾನಾ ಮನೆ ಲಕ್ಸ್ಮೀನ ಆಚಿಕ್ ಕಳಿಸ್ತಾರೇನ್ಲಾ? ನಮ್ಮನೇಲಿ ಸುಕ್ರಾರ ಒಂದ್ ಲೋಟ ಮಜ್ಗೆ ಆಚಿಕ್ ಕೊಡಲ್ಲ. ಅವ್ಳು ಮನಸ್ಸಿಲ್ದೆ ಬಂದವ್ಳೆ. ಒಪ್ಕಬೇಕು ಅವ್ಳು. ಒಪ್ಕಳೋಗಂಟ ನಾನು ಇದ್ರಲ್ಲಿ ಕೂರಲ್ಲ."

ಮುಂದಿನ ಶುಕ್ರವಾರ ಗಾಡಿ ಕೂಗಿತು. ಅದರ ಮುಂದಿನದಕ್ಕೂ ಕೂಗಿತು. ಅಮ್ಮನಿಗೆ ಇನ್ನು ಸಾಕ್ಷಿಯೇ ಬೇಕಿರಲಿಲ್ಲ. ಪರದೆಯ ಮೇಲಿನ ಕೆಂಪು ಗೆರೆಗಳನ್ನು ನನ್ನ ಮಗಳು ನಯನಾ ಅವಳಿಗೆ ತೋರಿಸಿ, "ಅಜ್ಜೀ, ಗಾಡಿ ಸುತ್ತ ಯಾರೋ ನಿಂತಿದಾರೆ ಅಂತ ಇದು ಹೇಳ್ತಿದೆ" ಎಂದು ಬೇರೆ ವಿವರಿಸಿದಳು. ಕಾಲೇಜಿನಲ್ಲಿ ಓದುವ ಹುಡುಗಿಗೆ ಬುದ್ಧಿ ಬೇಡವೇ? ಅಮ್ಮ ಖಾಲಿ ಅಂಗಳವನ್ನು ನೋಡಿ, ಗಾಡಿಯನ್ನು ನೋಡಿ, ಕೈಮುಗಿದು ಒಳಗೆ ಹೋದಳು.

ಇದರಿಂದ ನನಗಾದ ಅವಮಾನ ಅಷ್ಟಿಷ್ಟಲ್ಲ. ಚಿಕ್ಕಬಾಣಾವರದಲ್ಲಿ ಅಮ್ಮನ ತಂಗಿ ಬೈರಮ್ಮ ಇದ್ದಾರೆ. ಅಮ್ಮನಿಗೆ ಮಂಡಿ ನೋವು, ಬಸ್ ಹತ್ತಲಾಗದು. ತಂಗಿಯ ಮನೆಗೆ ಹೋಗಬೇಕೆಂದಾಗಲೆಲ್ಲ ನಯನಾಳಿಂದ ಆಟೊ ಬುಕ್ ಮಾಡಿಸುತ್ತಿದ್ದಳು. ಆ ಆಟೊ ಬಂದು ನನ್ನ ಗಾಡಿಯ ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತಿತ್ತು. ಮುನ್ನೂರೈವತ್ತು ಕುದುರೆಗಳ ಪಕ್ಕದಲ್ಲಿ ನಾನು ಪೆಚ್ಚಾಗಿ ನಿಂತಿರುವಾಗ, ಅಮ್ಮ ಒಂದು ಕೈಯಲ್ಲಿ ಹಲಸಿನ ತೊಳೆಯ ಡಬ್ಬಿ, ಇನ್ನೊಂದರಲ್ಲಿ ಮಂಡಿ ಹಿಡಿದುಕೊಂಡು ಆಟೊ ಹತ್ತುತ್ತಿದ್ದಳು. ಎದುರು ಮನೆಯ ಬಾಡಿಗೆಯವರು ಮಹಡಿಯಿಂದ ನೋಡುತ್ತಿದ್ದರು. ಊರಿನವರು ನಕ್ಕರೂ ತಡೆದುಕೊಳ್ಳಬಹುದು, ಬಾಡಿಗೆಯವರು ನಕ್ಕರೆ ಓನರ್ ಆದವನು ಬದುಕುವುದು ಹೇಗೆ? ನನಗೆ ಬೇಕಾಗಿದ್ದದ್ದು ಒಂದೇ: ನಾನೇ ಬಿಚ್ಚಿ, ನಾನೇ ಜೋಡಿಸಿ, ನಾನೇ ಸರಿಮಾಡಿದ ಗಾಡಿಯ ಮುಂದಿನ ಸೀಟಿನಲ್ಲಿ ಅಮ್ಮ ಕೂರಬೇಕು.

ಹಾಗಾಗಿ ಶುಕ್ರವಾರದ ರೋಗದ ಮೇಲೆ ಯುದ್ಧಕ್ಕೆ ನಿಂತೆ. ತಪ್ಪು ಹುಡುಕುವ ಸ್ಕ್ಯಾನರ್ ತರಿಸಿ ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸಿದೆ. ಗಾಡಿಯಲ್ಲಿ ಯಾವ ದೋಷವೂ ಇಲ್ಲ ಎಂದು ಅದು ಹೇಳಿತು. ನಾನು ನಂಬಲಿಲ್ಲ. ಒಂದು ಶನಿವಾರ ಬ್ಯಾಟರಿಯ ಟರ್ಮಿನಲ್ ಉಜ್ಜಿದೆ, ಭಾನುವಾರ ಗಾಡಿ ತೊಳೆದು ಸ್ಟಾರ್ಟ್ ಮಾಡಿದರೆ ಕೂಗು ಮಾಯ! ಬ್ಯಾಟರಿಯದೇ ಕಾಟ ಎಂದು ಮನೆಗೆಲ್ಲ ಹೋಳಿಗೆ ಮಾಡಿಸಿದೆ. ಶುಕ್ರವಾರ ಮತ್ತೆ ಕುಯ್ಯೋ. ಆ ಶನಿವಾರ ಫ್ಯೂಸ್ ಬದಲಾಯಿಸಿದೆ, ಭಾನುವಾರ ತೊಳೆದೆ, ಕೂಗು ಮಾಯ. ಶುಕ್ರವಾರ ಮತ್ತೆ ಕುಯ್ಯೋ. "ಸೆನ್ಸರ್ ಪ್ರಾಬ್ಲಮ್ಮು, ಸೆನ್ಸರ್ ವೈರಲ್ಲೇ ಏನೋ ಇದೆ" ಎಂದು ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದೆ. ನಾನು ಹೆಚ್ಚು ಗೊಣಗಿದಷ್ಟೂ ಅಮ್ಮನ ಶುಕ್ರವಾರದ ಪೂಜೆ ಜೋರಾಯಿತು. ಪೂಜೆ ಜೋರಾದಷ್ಟೂ ಗಾಡಿಯ ಕೂಗು ಜೋರಾಯಿತು.

ಕೊನೆಗೆ ಒಂದು ರಾತ್ರಿ ಊಟದ ಮಧ್ಯೆ ಅಮ್ಮ ತೀರ್ಪು ಕೊಟ್ಟಳು. "ಬರೋ ಸುಕ್ರಾರಾನೂ ಅದು ಅತ್ರೆ ಮಾರ್ಬಿಡು. ಮನಸ್ಸಿಲ್ದೋಳ್ನ ಕಟ್ಕಂಡ್ ಬಾಳಕ್ಕಾಯ್ತದಾ?" ಕಲಾವತಿ ಅದಕ್ಕೇ ಕಾಯುತ್ತಿದ್ದಳೋ ಏನೋ. ಹೆಬ್ಬಾಳದ ಬ್ರೋಕರ್ ಒಬ್ಬನಿಗೆ ಆಗಲೇ ಹೇಳಿಟ್ಟಿದ್ದಳು. ಶನಿವಾರ ಬಂದು ನೋಡುತ್ತಾನಂತೆ.

"ನೋಡ್ರೀ, ನಿಮ್ ಆಸೆಗೆ ನಾನ್ ಅಡ್ಡ ಬರಲ್ಲ. ಆದ್ರೆ ಅತ್ತೆ ಆಟೋಲಿ ಹೋಗೋದು, ಈ ಗಾಡಿ ಮನೇಲಿ ನಿಂತ್ಕೊಂಡು ಅಳೋದು, ಇದನ್ನ ಎಷ್ಟು ದಿನ ನೋಡ್ಲಿ?" ಎಂದಳು.

ಗುರುವಾರ ಸಂಜೆ ಕೊನೆಯ ಅಸ್ತ್ರ ತೆಗೆದೆ. ಮುಂದಿನ ಬಂಪರನ್ನೇ ಬಿಚ್ಚಿದೆ. ರಷ್ಯಾದ ಗುರು ಅದನ್ನು ಬಾಳೆಹಣ್ಣು ಸುಲಿದಷ್ಟು ಸಲೀಸಾಗಿ ತೆಗೆಯುತ್ತಾನೆ. ನನ್ನ ಕೈಯಲ್ಲಿ ನಾಲ್ಕು ಕ್ಲಿಪ್ ಮುರಿದವು, ಹೆಬ್ಬೆರಳು ಸಿಗಿದುಹೋಯಿತು. ಬಂಪರನ್ನು ಗಾಡಿಯ ಪಕ್ಕದಲ್ಲಿ ಟಾರ್ಪಾಲಿನ ಮೇಲೆ ಮಲಗಿಸಿದೆ. ಶುಕ್ರವಾರ ಬೆಳಕು ಹರಿಯುವಾಗಲೇ ಎದ್ದು, ಗಾಡಿಯ ಕೆಳಗೆ ನುಸುಳಿ, ಹಣೆಯ ಟಾರ್ಚಿನಲ್ಲಿ ಒಂದೊಂದೇ ವೈರನ್ನು ಸವರಿ ನೋಡುತ್ತ ಮಲಗಿದ್ದೆ.

ಆಗ ಅಮ್ಮನ ಕಾಲುಗಳು ಕಾಣಿಸಿದವು. ಸ್ನಾನ ಮಾಡಿ, ಪೂಜೆಯ ತಟ್ಟೆ ಹಿಡಿದು ಬಂದಿದ್ದಳು. ಪ್ರತಿ ಶುಕ್ರವಾರ ನಾನು ಏಳುವ ಮೊದಲೇ ಅವಳು ಮನೆಯ ಗಾಡಿಗಳಿಗೆಲ್ಲ ಪೂಜೆ ಮುಗಿಸುತ್ತಾಳೆ. ಟ್ರ್ಯಾಕ್ಟರಿಗೆ, ನನ್ನ ಹಳೇ ಮೊಪೆಡ್‌ಗೆ, ನಯನಾಳ ಸ್ಕೂಟಿಗೆ. ಕುಂಕುಮ ಇಲ್ಲದ ಗಾಡಿ ನಮ್ಮ ಕಡೆ ಗಾಡಿಯೇ ಅಲ್ಲ. ದಿನಾ ಕಂಡೂ ಕಂಡೂ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

"ಅಯ್ಯೋ ಸಿವ್ನೇ, ಅಲ್ಲೆಲ್ಲ ಕಿತ್ ಮಡಗವ್ನಲ್ಲಪ್ಪಾ" ಎಂದು ಅಮ್ಮ ತನಗೆ ತಾನೇ ಹೇಳಿಕೊಂಡಳು. ನಾನು ಕೆಳಗಿರುವುದು ಅವಳಿಗೆ ಗೊತ್ತಾಗಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನಕ್ಕೆ ಟಾರ್ಪಾಲಿನ ಬಳಿ ಕೂತಳು. ಬಂಪರಿನಲ್ಲಿ ಸಾಲಾಗಿ ನಾಲ್ಕು ದುಂಡು ಬಿಲ್ಲೆಗಳಿವೆ, ಒಂದೊಂದೂ ಎಂಟಾಣೆ ಅಗಲ. ಅವೇ ಪಾರ್ಕಿಂಗ್ ಸೆನ್ಸರುಗಳು. ಅಮ್ಮ ಗಂಧ ಅರಿಶಿನ ಕಲಸಿದ್ದನ್ನು ದಪ್ಪಗೆ ಬೆರಳಲ್ಲಿ ತೆಗೆದು, ಮೊದಲನೆಯ ಬಿಲ್ಲೆಯ ತುಂಬ ಮೆತ್ತಿ, ಅದರ ಮೇಲೆ ಕುಂಕುಮ ಒತ್ತಿದಳು. "ಆದಿಲಕ್ಸ್ಮೀ." ಎರಡನೆಯದಕ್ಕೆ ಮೆತ್ತಿದಳು. "ದಾನ್ಯಲಕ್ಸ್ಮೀ." ಮೂರನೆಯದು ಧೈರ್ಯಲಕ್ಷ್ಮಿ, ನಾಲ್ಕನೆಯದು ಗಜಲಕ್ಷ್ಮಿ. ಆಮೇಲೆ ಎದ್ದು ಹಿಂದಿನ ಬಂಪರಿಗೆ ಹೋದಳು. ಅಲ್ಲಿಂದ ಸಂತಾನಲಕ್ಷ್ಮಿಯ ಹೆಸರು ಕೇಳಿಸಿತು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನು ನಾನೇ. ಒಣಗಿದ ಗಂಧ ಸೆನ್ಸರಿಗೆ ಅಂಟಿಕೊಂಡರೆ ಅದಕ್ಕೆ ಎದುರಿಗೆ ಗೋಡೆಯೇ ಇದ್ದಂತೆ. ಭಾನುವಾರ ನಾನು ಬ್ರಶ್ಶಿನಲ್ಲಿ ಉಜ್ಜಿ ತೊಳೆದಾಗ ಗೋಡೆ ಬೀಳುತ್ತಿತ್ತು. ಬ್ಯಾಟರಿಯೂ ಅಲ್ಲ, ಫ್ಯೂಸೂ ಅಲ್ಲ! ನಾನು "ಅಮ್ಮಾ!" ಎಂದು ಕಿರುಚಿ ಏಳಲು ಹೋದೆ, ಹಣೆ ಧಡ್ ಎಂದು ಕಬ್ಬಿಣಕ್ಕೆ ಬಡಿಯಿತು. ಗಾಡಿಯ ಹೊಟ್ಟೆಯೊಳಗಿಂದ ಅಮ್ಮಾ ಎಂಬ ಕೂಗು ಕೇಳಿ ಅಮ್ಮ ತಟ್ಟೆ ಎತ್ತಿಹಾಕಿದಳು. "ಒಪ್ಕಂಡ್ಯಾ ತಾಯೀ? ನನ್ನೇ ಅಮ್ಮಾ ಅಂದ್ಯಾ?" ಎಂದು ಅಲ್ಲೇ ಕೈಮುಗಿದಳು. ನಾನು ತೆವಳಿಕೊಂಡು ಹೊರಗೆ ಬಂದದ್ದು ಕಂಡು ಅವಳಿಗೆ ನಿಜವಾಗಿಯೂ ಬೇಜಾರಾಯಿತು.

"ಅಮ್ಮಾ, ಅಲ್ಲಿ ಯಾಕಮ್ಮಾ ಬೊಟ್ಟು ಇಟ್ಟೆ?"

"ಇನ್ನೆಲ್ ಮಡಗ್ಲಿ? ಕಂಪ್ನಿಯೋರೇ ದುಂಡುಕ್ ಜಾಗ ಮಾಡ್ಕೊಟ್ಟವ್ರೆ. ಮುಂದ್ಕೆ ನಾಕು, ಇಂದ್ಕೆ ನಾಕು, ಎಂಟು. ದೊರೆಗಳ ದೇಸದೋರಾದ್ರೂ ಅಸ್ಟಲಕ್ಸ್ಮಿ ಗೊತ್ತೈತೆ ಪಾಪ."

ಆ ಕ್ಷಣದಲ್ಲಿ ನನಗೆ ಒಂದು ಕಳ್ಳ ಯೋಚನೆ ಬಂದದ್ದು ನಿಜ. ಏನೂ ಹೇಳದೆ ಒಳಗೊಳಗೇ ಒರೆಸಿಬಿಟ್ಟರೆ ಗಾಡಿ ಸುಮ್ಮನಾಗುತ್ತದೆ, ಲಕ್ಷ್ಮಿ ಒಪ್ಪಿದಳೆಂದು ಅಮ್ಮ ಇವತ್ತೇ ಹತ್ತಿ ಕೂರುತ್ತಾಳೆ. ಆದರೆ ಆಗ ಹೆಸರೆಲ್ಲ ಲಕ್ಷ್ಮಿಗೆ, ಗ್ರೀಸೆಲ್ಲ ನನಗೆ. ಇಷ್ಟು ದಿನ ಬನಿಯನ್ ಹಾಳುಮಾಡಿಕೊಂಡು, ಹೆಬ್ಬೆರಳು ಸಿಗಿಸಿಕೊಂಡು, ಈಗ ಹಣೆ ಊದಿಸಿಕೊಂಡವನು ನಾನು. ಹೇಳಿಯೇ ಬಿಟ್ಟೆ.

"ಗಾಡಿ ಅಳ್ತಿರೋದೇ ನಿನ್ ಬೊಟ್ಟಿಂದ ಕಣಮ್ಮ. ಅದು ಸೆನ್ಸರ್."

"ಸೆನ್ಸರ್ ಅಂದ್ರೆ?"

"ಅಂದ್ರೆ... ಎದುರಿಗೆ ಏನಿದೆ, ಎಷ್ಟು ಹತ್ರ ಇದೆ ಅಂತ ಗಾಡಿಗೆ ಗೊತ್ತಾಗೋದು ಅದ್ರಿಂದಾನೇ. ಗಾಡಿ ಕಣ್ಣು ಅಂದ್ಕೋ."

ಅಮ್ಮನ ಮುಖದ ಬಣ್ಣ ಹೋಯಿತು. "ಕಣ್ಣಾ?" ಎಂದಳು. ತನ್ನ ಕೆಂಪು ಬೆರಳು ನೋಡಿಕೊಂಡಳು. "ಇಷ್ಟ್ ದಿನ ಕಣ್ಗೆ ಕುಂಕ್ಮ ತುಂಬ್ದ್ನಾ ನಾನು?" ಅವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಆ ನೀರಿನ ಹಿಂದೆಯೇ ಸಿಟ್ಟೂ ಬಂತು.

"ಪಾಪಿ ಮುಂಡೇದೇ, ಕಣ್ಣು ಅಂತ ಮೊದ್ಲೇ ಏಳಕ್ಕೇನಾಗಿತ್ಲಾ ನಿಂಗೆ? ಉಣ್ಣಕ್ ಕುಂತ್ರೆ ಸೆನ್ಸರು, ಎದ್ರೆ ಸೆನ್ಸರು. ಸಿನ್ಮಾ ಕತ್ತರ್ಸೋರು ಗಾಡೀಗೂ ಬಂದವ್ರಾ ಅಂದ್ಕಂಡೆ ನಾನು! ಕಣ್ಣು ಅಂದಿದ್ರೆ ಯಾರಾನಾ ಕಣ್ಗೆ ಬೊಟ್ಟು ಮಡಗ್ತಾರಾ? ಅಳ್ದೆ ಏನ್ಮಾಡ್ತದೆ ಅದು? ನಿಂಗಾಕಿದ್ರೆ ಊರೇ ಒಂದ್ ಮಾಡ್ತಿದ್ದೆ."

ನಾನು ತೊಳೆಯಲು ಪೈಪ್ ತರಲು ಹೋದೆ, ಅವಳು ಬಿಡಲಿಲ್ಲ. ಚೊಂಬಿನಲ್ಲಿ ನೀರು ತರಿಸಿಕೊಂಡು, ಸೆರಗಿನ ತುದಿ ಅದ್ದಿ, ಒಂದೊಂದನ್ನೇ ಒರೆಸಿದಳು. ಎಣ್ಣೆಸ್ನಾನದಲ್ಲಿ ಮಗುವಿನ ಕಣ್ಣಿಗೆ ಸೀಗೆಪುಡಿ ಬಿದ್ದಾಗ ಮಾಡುವಂತೆ ಬಗ್ಗಿ ಉಫ್ ಉಫ್ ಎಂದು ಊದಿದಳು. ಎಂಟಕ್ಕೂ ಊದಿದಳು. ಸದ್ದು ಕೇಳಿ ಎದ್ದು ಬಂದ ಕಲಾವತಿ ಮತ್ತು ನಯನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಗುವ ಧೈರ್ಯ ಯಾರಿಗೂ ಬರಲಿಲ್ಲ.

ಬಂಪರ್ ಜೋಡಿಸುವಷ್ಟರಲ್ಲಿ ಬಿಸಿಲೇರಿತ್ತು. ಮುರಿದ ಕ್ಲಿಪ್ಪುಗಳ ಜಾಗಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದೆ. ಒಂದು ಬೋಲ್ಟ್ ಉಳಿದುಬಿಟ್ಟಿತು. ಎಲ್ಲಿಯದು ಎಂದು ಈಗಲೂ ಗೊತ್ತಿಲ್ಲ, ಅದನ್ನು ಜೇಬಿಗೆ ಹಾಕಿಕೊಂಡು ಸ್ಟಾರ್ಟ್ ಮಾಡಿದೆ. ಗಾಡಿಯನ್ನು ಅಂಗಳಕ್ಕೆ ಹಿಂದೆ ತಂದೆ, ಮುಂದೆ ತಂದೆ. ಕೂಗಿಲ್ಲ. ಪರದೆಯಲ್ಲಿ ಒಂದೂ ಗೆರೆಯಿಲ್ಲ.

"ಅಂಗಾರೆ ಇದು ಸುಳ್ಳೇಳಿಲ್ಲ. ಎಂಟ್ ಜನ ಲಕ್ಸ್ಮೀರು ಸುತ್ತಾ ನಿಂತಿದ್ದು ದಿಟ" ಎಂದಳು ಅಮ್ಮ.

ಕಲಾವತಿ ಮೆಲ್ಲಗೆ, "ಬ್ರೋಕರ್‌ಗೆ ಬರಬೇಡಿ ಅಂತ ಹೇಳ್ಲಾ?" ಎಂದು ಕೇಳಿದಳು. ನಾನು ಎದೆಯುಬ್ಬಿಸಿಕೊಂಡು ಇಳಿದು, ಮುಂದಿನ ಬಾಗಿಲು ತೆಗೆದು, "ಬಾಮ್ಮ, ಕೂತ್ಕೋ. ಚಿಕ್ಕಬಾಣಾವರಕ್ಕೆ ಹೋಗಿ ಬರೋಣ. ಗಾಡಿ ಒಪ್ತು" ಎಂದೆ.

"ನಾ ಬರಾಕಿಲ್ಲ" ಎಂದಳು ಅಮ್ಮ.

ನನಗೆ ತಲೆ ಕೆಟ್ಟುಹೋಯಿತು. "ಇನ್ನೇನಮ್ಮಾ ನಿಂದು? ಕೂಗು ನಿಂತಿದೆ, ನಿನ್ ಲಕ್ಷ್ಮಿನೂ ಸುಮ್ನಿದಾಳೆ, ಗಾಡಿ ಮೇಲೆ ಇನ್ನೂ ಏನು ಅನುಮಾನ?"

"ಗಾಡಿ ಮ್ಯಾಲೆ ಏನೂ ಇಲ್ಲ. ಓಡ್ಸೋನ್ ಮ್ಯಾಲೆ." ಅಮ್ಮ ಜಗಲಿಯ ಮೇಲೆ ಕೂತಳು. ಜೋರಾಗಿ ಹೇಳಲಿಲ್ಲ, ನೆಲ ನೋಡಿಕೊಂಡು ಹೇಳಿದಳು. "ತಂದ್ ದಿನವೇ ನಯನಾನ ಕುಂದ್ರುಸ್ಕಂಡು ದೊಡ್ಬಳ್ಳಾಪುರ ರೋಡ್ಗೆ ಓದಲ್ಲ, ಆ ಸದ್ದು ಇಲ್ಲಿಗಂಟ ಕೇಳ್ತು. ಪಟಪಟಾಂತ. ಸದ್ದು ನಿಂತ್ರೆ ಏನಾಯ್ತೋ ಅನ್ನೋ ಬಯ, ಕೇಳಿದ್ರೆ ಇನ್ನೇನಾಯ್ತದೋ ಅನ್ನೋ ಬಯ. ನೀನ್ ವಾಪಸ್ ಬರೋಗಂಟ ಗೇಟ್ ಇಡ್ಕಂಡ್ ನಿಂತಿದ್ದೆ. ಇವತ್ಗೂ ನೀನ್ ಗಾಡಿ ತಕ್ಕಂಡೋದ್ರೆ ಅಲ್ಲೇ ನಿಲ್ತೀನಿ. ಬೇಡ ಅಂದ್ರೆ ಕೇಳ್ತೀಯಾ? ಅದ್ಕೇ ಎಂಟ್ ಜನ ತಾಯಂದ್ರನ್ನೂ ಕಾವ್ಲಿಗಾಕ್ದೆ. ಬೊಟ್ಟು ಮಡಗಿದ್ದು ಗಾಡೀಗೆ ಅಂದ್ಕಂಡ್ಯಾ ನೀನು?"

ನಯನಾ ನನ್ನ ಕಡೆ ನೋಡದೆ ಚೊಂಬು ಎತ್ತಿಕೊಂಡು ಒಳಗೆ ಹೋದಳು. ನಾನು ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಲವತ್ತರ ಮೇಲೆ ಹೋಗಲ್ಲಮ್ಮ. ನಿನ್ನಾಣೆ" ಎಂದೆ.

"ಆಣೆ ಗೀಣೆ ಆಕ್ಬೇಡ" ಎಂದು ಗದರಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, "ಸೀಟು ವಸಿ ತಗ್ಗುಸ್ಕೊಡು, ಮಂಡಿ ಎತ್ತಕ್ಕಾಗಲ್ಲ" ಎಂದಳು.

ಹೆಸರಘಟ್ಟದ ಕಡೆಯ ರಸ್ತೆ ಹಿಡಿದೆವು. ಅಮ್ಮ ಎರಡೂ ಕೈಗಳಲ್ಲಿ ಸೀಟ್ ಬೆಲ್ಟ್ ಹಿಡಿದುಕೊಂಡು ದೇವರ ಹೆಸರು ಹೇಳುತ್ತಿದ್ದಳು. ನಲವತ್ತರಲ್ಲಿ ಹೋಗುತ್ತಿದ್ದ ನನ್ನನ್ನು ಮೊದಲು ಸೊಪ್ಪು ತುಂಬಿದ ಗೂಡ್ಸ್ ಆಟೊ ದಾಟಿತು. ಆಮೇಲೆ ಒಂದು ಸ್ಕೂಲ್ ವ್ಯಾನು. ಅಮ್ಮ ದೇವರನ್ನು ಅಲ್ಲಿಗೇ ಬಿಟ್ಟು, ದಾಟಿ ಹೋಗುವವರನ್ನು ನೋಡತೊಡಗಿದಳು. ಬೆಲ್ಟಿನಿಂದ ಒಂದು ಕೈ ತೆಗೆದಳು. ಕಿಟಕಿ ಇಳಿಸಲು ಹೇಳಿದಳು. ಕೊನೆಗೆ ಎರಡು ಹಾಲಿನ ಕ್ಯಾನ್ ನೇತುಹಾಕಿಕೊಂಡ ಮೊಪೆಡ್ಡೊಂದು ಪಕ್ಕಕ್ಕೆ ಬಂತು. ಅದರ ಮೇಲಿದ್ದ ಮುದುಕ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಅಮ್ಮನನ್ನು ನೋಡಿ, ಹಲ್ಲು ಬಿಟ್ಟು ಮುಂದೆ ಹೋದ.

"ಯಾಕ್ಲಾ? ಆ ಆಲಿನೋನು ನಮ್ಮನ್ನ ಇಂದಕ್ಕಾಕಿ ಓದ್ನಲ್ಲ?"

"ನೀನೇ ನಿಧಾನ ಅಂದ್ಯಲ್ಲಮ್ಮ."

"ನಿದಾನ ಅಂದ್ರೆ ಇಷ್ಟಾ? ನಕ್ಕೊಂಡೋದ್ನಲ್ಲೋ ಅವ್ನು! ಒತ್ಲಾ ವಸಿ!"

ಮುಂದೆ ರಸ್ತೆ ನೆಟ್ಟಗಿತ್ತು, ಖಾಲಿಯಿತ್ತು. ಪಕ್ಕದ ಸೀಟಿನಲ್ಲಿ ಅಮ್ಮ ಕೂತಿದ್ದಳು, ಒತ್ತು ಎಂದು ಅವಳೇ ಹೇಳುತ್ತಿದ್ದಳು. ಇಂಥ ದಿನ ಬರಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆನೋ ಲೆಕ್ಕವಿಲ್ಲ. ಆದರೆ ಗೇಟು ಹಿಡಿದು ನಿಂತ ಅಮ್ಮ ಕಣ್ಣ ಮುಂದೆಯೇ ಇದ್ದಳು. ಪಾದ ಎಷ್ಟು ಹೇಳಿದರೂ ಕೇಳಲಿಲ್ಲ.

"ಇಷ್ಟ್ ದುಡ್ ಸುರ್ದು ತಂದವ್ನೆ, ಎತ್ತಿನ್ ಗಾಡಿ ಒಡ್ದಂಗೆ ಒಡೀತವ್ನೆ. ನಿಮ್ಮಪ್ಪನ್ ಟ್ರ್ಯಾಕ್ಟರೇ ವಾಸಿ" ಎಂದು ಅಮ್ಮ ಚಿಕ್ಕಬಾಣಾವರ ಬರುವ ತನಕ ಬೈಯುತ್ತಲೇ ಇದ್ದಳು. ನಾನು ಬೈಸಿಕೊಳ್ಳುತ್ತ ನಲವತ್ತರಲ್ಲೇ ಓಡಿಸಿದೆ.